ಬೇರಿಂಗಿನ ಜ್ವರ, ಹಮಾಲನ ಜ್ವರ

ಸುಗ್ಗಿಯ ದಿನಗಳಲ್ಲಿ ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೋ ಕುರುಗೋಡಿನ ಕಡೆಗೋ ಹೊರಟರೆ ದಾರಿಯುದ್ದಕ್ಕೂ ಭತ್ತವೇ ನಮ್ಮ ಜೊತೆಗಾರ. ರಸ್ತೆಯ ಒಂದು ಮಗ್ಗುಲಲ್ಲಿ ಒಣಗಲು ಹರಡಿದ ಭತ್ತ, ಟ್ರ್ಯಾಕ್ಟರುಗಳ ಮೇಲೆ ಚೀಲ ಚೀಲ ಭತ್ತ, ಊರು ಹತ್ತಿರವಾದಂತೆ ಗಾಳಿಯಲ್ಲಿ ತೌಡಿನ ವಾಸನೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಎದ್ದು ಕಾಲುವೆಗಳಲ್ಲಿ ನೀರು ಹರಿದ ಮೇಲೆ, ಜೋಳ ಹತ್ತಿ ಬೆಳೆಯುತ್ತಿದ್ದ ಈ ಕರಿನೆಲದ ದೊಡ್ಡ ಭಾಗ ಗದ್ದೆಯಾಯಿತು. ಗದ್ದೆಯ ಬೆನ್ನಿಗೇ ಅಕ್ಕಿ ಗಿರಣಿಗಳು ಬಂದವು. ನಾಡಿನ ಎಷ್ಟೋ ಮನೆಗಳಲ್ಲಿ ಬೇಯುವ ಸೋನಾ ಮಸೂರಿ ಅಕ್ಕಿ ಈ ಗಿರಣಿಗಳ ಹೊಟ್ಟೆಯಿಂದ ಹಾದು ಬಂದದ್ದು.

ಅಂಥ ಒಂದು ಗಿರಣಿಯೊಳಗೆ ನಾವು ಹೋಗಿದ್ದೆವು. ಹೆಸರು ಬೇಡ, ಅದು ಒಂದು ಗಿರಣಿಯ ಕಥೆ ಮಾತ್ರವಲ್ಲ. ನೆಲಮಟ್ಟದ ಗುಂಡಿಗೆ ಸುರಿದ ಭತ್ತವನ್ನು ಎಲಿವೇಟರು ನಾಲ್ಕಾಳೆತ್ತರಕ್ಕೆ ಒಯ್ದು ಸುರಿಯುತ್ತಿತ್ತು. ಬೆಲ್ಟಿಗೆ ಸಾಲಾಗಿ ಕಟ್ಟಿದ ಬಕೆಟ್ಟುಗಳು ತಗಡಿನ ಗೂಡಿನೊಳಗೆ ಕೆಳಗಿನಿಂದ ತುಂಬಿಕೊಂಡು ಮೇಲೆ ಹೋಗಿ ಬರಿದಾಗಿ ಇಳಿಯುತ್ತವೆ. ನಮ್ಮ ಹಿರಿಯರು ಬಾವಿಗೆ ಹೂಡುತ್ತಿದ್ದ ಗಡಿಗೆಯ ಸಾಲಿನ ರಾಟೆಯನ್ನು ನೆನಪಿಸಿಕೊಂಡರೆ ಸಾಕು. ಆ ಎಲಿವೇಟರಿನ ಪಕ್ಕದ ಗೋಡೆಯ ಮೇಲೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪ. ದೀಪದ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿತ್ತು. ಪೆಟ್ಟಿಗೆಯ ಒಳಗೆ ಎರಡು ತುದಿಗಳನ್ನು ಒಂದು ಗೇಣು ವೈರಿನಿಂದ ಜೋಡಿಸಿದ್ದರು.

ಇದೇಕೆ ಹೀಗೆ ಎಂದು ಆಪರೇಟರನ್ನು ಕೇಳಿದೆವು. ಐವತ್ತು ದಾಟಿದ ಮನುಷ್ಯ, ಹುಬ್ಬಿನ ಮೇಲೆಲ್ಲ ಧೂಳು. ನಕ್ಕು ಹೇಳಿದ: "ಅದು ದಿನಾ ಸುಳ್ಳು ಹೇಳ್ತತ್ರಿ. ಅದರ ಮಾತು ಕೇಳಿಕೋತ ಕುಂತ್ರ ಮಿಲ್ಲು ನಡೆಯಂಗಿಲ್ಲ. ಒಂದ್ಸಲ ನಿಂತ್ರ ಅರ್ಧ ತಾಸು ಹೋತು. ಹೊರಗ ಲಾರಿ ನಿಂತಾವು, ಹಮಾಲರು ಸುಮ್ಮನ ಕುಂತಿರ್ತಾರ. ಬೈಗುಳ ಯಾರಿಗ್ರಿ? ನನಗ."

ಆ ಗೇಣುದ್ದದ ವೈರು ನಮ್ಮ ತಲೆಯಿಂದ ಹೋಗಲಿಲ್ಲ. ಈ ಬರಹ ಅದರ ಸುತ್ತ.

ಮೊದಲು, ಆ ಪೆಟ್ಟಿಗೆ ಹೇಳುವುದೇನು ಎಂದು ತಿಳಿಯೋಣ. ಎಲಿವೇಟರಿನ ಕೆಳಭಾಗದಲ್ಲಿ ಕಾಳು ಕಟ್ಟಿಕೊಂಡರೆ ಬಕೆಟ್ಟುಗಳು ಸಿಕ್ಕಿಬೀಳುತ್ತವೆ, ಬೆಲ್ಟು ತಡೆಯುತ್ತದೆ. ಆದರೆ ಮೇಲಿನ ಗಾಲಿ ಮೋಟಾರಿನ ಬಲಕ್ಕೆ ತಿರುಗುತ್ತಲೇ ಇರುತ್ತದೆ. ನಿಂತ ಬೆಲ್ಟಿನ ಮೇಲೆ ತಿರುಗುವ ಗಾಲಿ ತಿಕ್ಕಿ ತಿಕ್ಕಿ ರಬ್ಬರು ಕಾಯುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ಗ್ರೀಸು ಕಾಣದ ಬೇರಿಂಗು ಹೀಗೆಯೇ ಕೆಂಡವಾಗುತ್ತದೆ. ಒಂದು ಬದಿಗೆ ವಾಲಿದ ಬೆಲ್ಟು ತಗಡಿಗೆ ಉಜ್ಜಿ ಕಾಯುತ್ತದೆ. ಈ ಕಾವಿನ ಸುತ್ತ ಇರುವುದು ಗಾಳಿಯಲ್ಲಿ ತೇಲುವ ನುಣ್ಣನೆಯ ಧೂಳು. ಆದ್ದರಿಂದ ಮೂರು ಕಡೆ ಸೆನ್ಸರುಗಳನ್ನು ಕೂರಿಸುತ್ತಾರೆ. ಒಂದು, ಕೆಳಗಿನ ಗಾಲಿಯ ಸುತ್ತುಗಳನ್ನು ಎಣಿಸಿ ವೇಗ ತಗ್ಗಿದರೆ ಹೇಳುವುದು. ಇನ್ನೊಂದು, ಬೇರಿಂಗಿಗೆ ಕಾವೇರಿದರೆ ಹೇಳುವುದು. ಮತ್ತೊಂದು, ಬೆಲ್ಟು ಬದಿಗೆ ಸರಿದರೆ ಹೇಳುವುದು. ಹೇಳಿದ್ದನ್ನು ಕೇಳದಿದ್ದರೆ ತಾವೇ ಮೋಟಾರನ್ನು ನಿಲ್ಲಿಸುವಂತೆಯೂ ಜೋಡಿಸಬಹುದು. ಆ ನಿಲ್ಲಿಸುವ ಶಕ್ತಿಯನ್ನೇ ಆ ತುಂಡು ವೈರು ಕಿತ್ತುಕೊಂಡಿತ್ತು.

ನಮ್ಮ ಮೊದಲ ಸಿಟ್ಟು ಆಪರೇಟರನ ಮೇಲೆ. ಅಪಾಯ ಗೊತ್ತಿದ್ದೂ ಮಾಡಿದನಲ್ಲ ಎಂದು. ಹೊರಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಆ ಸಿಟ್ಟು ನೆಲೆ ನಿಲ್ಲದಾಯಿತು. ಆತನ ದಿನವನ್ನು ಅಳೆಯುವುದು ಎಷ್ಟು ಚೀಲ ಆಯಿತು ಎಂಬ ಲೆಕ್ಕದಿಂದ. ಎಷ್ಟು ಅಪಾಯ ತಪ್ಪಿತು ಎಂದು ಕೇಳುವ ಲೆಕ್ಕಪುಸ್ತಕ ಯಾವ ಗಿರಣಿಯಲ್ಲಿದೆ? ತಪ್ಪಿದ ಅಪಾಯಕ್ಕೆ ಗುರುತಿಲ್ಲ, ನಿಂತ ಯಂತ್ರಕ್ಕೆ ಮಾತ್ರ ಗುರುತು. ಹತ್ತು ಸಲ ಗಿರಣಿ ನಿಲ್ಲಿಸಿ ಬೆಂಕಿ ಬೀಳದಂತೆ ನೋಡಿಕೊಂಡವನು ಸೋಮಾರಿ ಎನಿಸುತ್ತಾನೆ. ವೈರು ಜೋಡಿಸಿ ಓಡಿಸಿದವನು ಜಾಣ ಎನಿಸುತ್ತಾನೆ. ಒಳ್ಳೆಯ ಕೆಲಸ ಕಣ್ಣಿಗೆ ಕಾಣದಂತಾಗಿ ಕೆಟ್ಟ ಕೆಲಸ ಲಾಭವಾಗಿ ಕಾಣುವ ಏರ್ಪಾಡಿನೊಳಗೆ ಒಬ್ಬನನ್ನು ನಿಲ್ಲಿಸಿ, ಅವನಿಂದ ನೀತಿಯನ್ನು ಬಯಸುವುದು ಎಷ್ಟು ನ್ಯಾಯ?

ಹಾಗೆಂದು ಅವನ ಮಾತನ್ನು ಪೂರ್ತಿ ಒಪ್ಪಲೂ ಆಗುವುದಿಲ್ಲ. "ಅದು ಸುಳ್ಳು ಹೇಳುತ್ತದೆ" ಎಂದನಲ್ಲ, ಅದನ್ನು ತುಸು ನೋಡಬೇಕು. ತೋಳ ಬಂತು ತೋಳ ಎಂದು ಕೂಗಿದ ಕುರಿಗಾಹಿ ಹುಡುಗನ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮೂರನೆಯ ದಿನ ನಿಜವಾಗಿ ತೋಳ ಬಂದಾಗ ಯಾರೂ ಹೋಗಲಿಲ್ಲ. ಸುಳ್ಳು ಹೇಳಬಾರದು ಎಂಬ ಪಾಠದಲ್ಲೇ ನಾವು ಆ ಕಥೆಯನ್ನು ಮುಗಿಸಿಬಿಟ್ಟೆವು. ಸೆನ್ಸರಿಗೆ ಸುಳ್ಳು ಹೇಳುವ ಆಸೆಯಿಲ್ಲ. ಅದರ ಮೇಲೆ ಧೂಳು ಕೂತಿರುತ್ತದೆ, ನಟ್ಟು ಸಡಿಲವಾಗಿ ಅದು ಜಾಗ ಬಿಟ್ಟಿರುತ್ತದೆ, ಅಥವಾ ಕೂರಿಸಿದವನು ಮಿತಿಯನ್ನು ಸರಿಯಾಗಿ ಗೊತ್ತುಮಾಡದೆ ಹೋಗಿರುತ್ತಾನೆ. ಅಂದರೆ ಅದರ ಸುಳ್ಳು ಯಾರೋ ಮಾಡದೆ ಬಿಟ್ಟ ಕೆಲಸ. ಎಚ್ಚರಿಕೆಯನ್ನು ಕೊಂಡು ತಂದು ಗೋಡೆಗೆ ಹೊಡೆದ ಮಾತ್ರಕ್ಕೆ ಯಜಮಾನನ ಹೊಣೆ ಮುಗಿಯಲಿಲ್ಲ. ಆ ಎಚ್ಚರಿಕೆ ನಿಜವನ್ನೇ ನುಡಿಯುವಂತೆ ದಿನವೂ ನೋಡಿಕೊಳ್ಳುವುದು ಹೊಣೆಯ ದೊಡ್ಡ ಭಾಗ. ಪದೇ ಪದೇ ಸುಳ್ಳು ಹೇಳುವ ಗಂಟೆಯನ್ನು ಹಾಗೇ ಬಿಟ್ಟವನು ಗಂಟೆ ಕಟ್ಟದವನಿಗಿಂತ ಹೆಚ್ಚಿನ ಕೇಡು ಮಾಡುತ್ತಾನೆ. ಏಕೆಂದರೆ ಅವನು ಜನರಿಗೆ ಗಂಟೆಯನ್ನು ನಂಬದಿರಲು ಕಲಿಸುತ್ತಾನೆ.

ಕಾಳು, ಹಿಟ್ಟಿನ ಧೂಳು ಸಿಡಿಯಬಲ್ಲದು ಎಂಬ ತಿಳಿವು ಹೊಸದಲ್ಲ. 1785ರ ಡಿಸೆಂಬರ್ 14ರಂದು ಇಟಲಿಯ ಟ್ಯೂರಿನ್ ನಗರದ ರೊಟ್ಟಿ ಅಂಗಡಿಯೊಂದರ ಹಿಟ್ಟಿನ ಕೋಣೆ ಸಿಡಿದುದನ್ನು ಮೊರೊಜ್ಜೊ ಎಂಬ ಕೌಂಟ್ ವಿವರವಾಗಿ ಬರೆದಿಟ್ಟ. ಮುಖ, ತೋಳು ಸುಟ್ಟುಕೊಂಡದ್ದು ಅಲ್ಲಿ ಹಿಟ್ಟು ತೋಡುತ್ತಿದ್ದ ಹುಡುಗ. ಧೂಳಿನ ಸ್ಫೋಟದ ಬರೆದಿಟ್ಟ ಚರಿತ್ರೆಯ ಮೊದಲ ಪುಟದಲ್ಲೇ ಗಾಯಗೊಂಡವನು ಕೂಲಿ ಹುಡುಗ ಎಂಬುದನ್ನು ಮರೆಯಬಾರದು. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ದೊಡ್ಡ ಹಿಟ್ಟಿನ ಗಿರಣಿ ಸಿಡಿದು 18 ಜನ ಸತ್ತರು. 1977ರ ಡಿಸೆಂಬರ್ 22ರಂದು ಅದೇ ದೇಶದ ವೆಸ್ಟ್‌ವೀಗೊದಲ್ಲಿ ಧಾನ್ಯದ ಕಣಜ ಸಿಡಿದು 36 ಜನ ಸತ್ತರು. ಐದು ದಿನ ಕಳೆದು ಗ್ಯಾಲ್ವೆಸ್ಟನ್‌ನಲ್ಲಿ ಇನ್ನೊಂದು ಸಿಡಿಯಿತು. ಇಷ್ಟೆಲ್ಲ ಆದ ಮೇಲೆ, ಮತ್ತೂ ಹತ್ತು ವರ್ಷ ಕಾದು, 1987ರಲ್ಲಿ ಅಮೆರಿಕ ನಿಯಮ ಮಾಡಿತು: ಎಲಿವೇಟರಿನ ಬೆಲ್ಟಿನ ವೇಗ ಮಾಮೂಲಿಗಿಂತ ಶೇಕಡಾ 20ರಷ್ಟು ತಗ್ಗುವುದರೊಳಗೆ ಯಂತ್ರ ತಾನೇ ನಿಲ್ಲಬೇಕು. ಆದರೆ ಹತ್ತು ಲಕ್ಷ ಬುಷೆಲ್‌ಗಿಂತ, ಅಂದರೆ ಸುಮಾರು 27 ಸಾವಿರ ಟನ್ ಗೋಧಿಗಿಂತ, ಕಡಿಮೆ ಹಿಡಿಯುವ ಕಣಜಗಳಿಗೆ ಒಂದು ವಿನಾಯಿತಿ ಕೊಟ್ಟರು. ಅಲ್ಲಿ ಸೆನ್ಸರ್ ಬದಲಿಗೆ ದಿನವೂ ಮನುಷ್ಯನೊಬ್ಬ ಬಕೆಟ್ಟುಗಳ ಓಟವನ್ನೂ ಬೆಲ್ಟಿನ ದಾರಿಯನ್ನೂ ಕಣ್ಣಿಂದ ನೋಡಿದರೆ ಸಾಕು.

ಈ ವಿನಾಯಿತಿ ನಮಗೆ ಯೋಚನೆಗೆ ಹಚ್ಚುವ ವಿಷಯ. ಮನುಷ್ಯನ ಕಣ್ಣಿಗೆ ಕಾನೂನು ಅಷ್ಟು ಬೆಲೆ ಕೊಟ್ಟಿದೆ ಎಂದು ಇದನ್ನು ಓದಬಹುದು. ಚಿಕ್ಕ ಕಡೆ ಸಾಯುವವರಿಗೆ ಕಣ್ಣೇ ಸಾಕು ಎಂದಿತು ಎಂತಲೂ ಓದಬಹುದು.

ಕಣ್ಣು ಕಿವಿಗಳ ಪರವಾಗಿ ಹೇಳುವುದು ನಿಜವಾಗಿಯೂ ಇದೆ. ಹಳೆಯ ಮೇಸ್ತ್ರಿಗಳು ಬೇರಿಂಗಿನ ಮೇಲೆ ಅಂಗೈ ಇಟ್ಟು ಅದರ ಆಯುಸ್ಸು ಹೇಳುತ್ತಿದ್ದರು. ಗಿರಣಿಯ ಗದ್ದಲದೊಳಗೆ ಒಂದು ಎಳೆ ಬೇಸೂರನ್ನು ಹಿಡಿಯುತ್ತಿದ್ದರು. ಪೆಟ್ಟಿಗೆ ಬಂದ ಮೇಲೆ ಆ ಅಂಗೈಯ ವಿದ್ಯೆ ಕಲಿಯುವವರಿಲ್ಲವಾಗುತ್ತದೆ, ದೀಪ ಹಸಿರಿದ್ದರೆ ಎಲ್ಲ ಸರಿ ಎಂಬ ನೆಚ್ಚಿಕೆ ಬೆಳೆಯುತ್ತದೆ. ಹಸಿರು ದೀಪ ಹೇಳುವುದು ಬೇರಿಂಗು ತಣ್ಣಗಿದೆ ಎಂದಷ್ಟೇ. ಒಳಗೆ ಧೂಳು ಎಷ್ಟು ಕೂತಿದೆ, ಗೂಡಿನೊಳಗೆ ಯಾರಾದರೂ ಇಳಿದಿದ್ದಾರೆಯೇ ಎಂಬುದನ್ನು ಅದು ಬಲ್ಲದಲ್ಲ. ಆದರೆ ಮೇಸ್ತ್ರಿಯ ಅಂಗೈಯ ಗುಣಗಾನ ಮಾಡುವಾಗ ಒಂದು ಮಾತನ್ನು ನುಂಗಬಾರದು. ಆ ವಿದ್ಯೆ ಕಲಿಯಲು ಎಷ್ಟೋ ಕೈಗಳು ಬೆರಳು ಕಳೆದುಕೊಂಡಿವೆ. ತಿರುಗುವ ಯಂತ್ರದ ಹತ್ತಿರ ಕೈ ಒಯ್ಯದೆ ಅದರ ಜ್ವರ ತಿಳಿಯುವಂತಾದರೆ ಅದು ವಿದ್ಯೆಯ ನಷ್ಟವಲ್ಲ, ಕೈಗೆ ಸಿಕ್ಕ ವಿನಾಯಿತಿ. ಪೆಟ್ಟಿಗೆ ಕಾವು ಅಳೆಯಲಿ, ಮೇಸ್ತ್ರಿ ಆ ಕಾವಿನ ಅರ್ಥ ಹೇಳಲಿ. ಇಬ್ಬರಿಗೂ ಜಾಗವಿದೆ.

ನಮ್ಮ ದೇಶದಲ್ಲೂ 1987 ಒಂದು ಗುರುತಿನ ವರ್ಷವೇ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಹೊರಬಿದ್ದ ರಾತ್ರಿ, ಅದನ್ನು ತಡೆಯಬೇಕಿದ್ದ ಏರ್ಪಾಡುಗಳು ಆ ಕಾರ್ಖಾನೆಯಲ್ಲಿ ಇರಲಿಲ್ಲವೆಂದಲ್ಲ. ತಂಪು ಮಾಡುವ ಘಟಕ ತಿಂಗಳುಗಳಿಂದ ನಿಂತಿತ್ತು, ಅನಿಲ ಸುಡುವ ಗೋಪುರ ದುರಸ್ತಿಗೆಂದು ಕಳಚಿತ್ತು. ಇದ್ದದ್ದನ್ನು ಇಲ್ಲದಂತೆ ಮಾಡಿದ್ದರು. ಸಿರುಗುಪ್ಪದ ಗೇಣುದ್ದದ ವೈರಿಗೂ ಅದಕ್ಕೂ ಅಳತೆಯಲ್ಲಿ ಅಜಗಜಾಂತರ, ಗುಣದಲ್ಲಿ ನೆಂಟಸ್ತಿಕೆ. ಆ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಯನ್ನು ತಿದ್ದಿ ಕಾರ್ಮಿಕರಿಗೆ ಎರಡು ಹೊಸ ಹಕ್ಕುಗಳನ್ನು ಕೊಟ್ಟರು. ತಮ್ಮ ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಒಂದು. ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ, ಸನ್ನಿಹಿತ ಅಪಾಯ ಕಂಡರೆ ಮಾಲೀಕನಿಗೆ ಎಚ್ಚರಿಕೆ ಹೇಳುವ ಹಕ್ಕು ಇನ್ನೊಂದು. ಗಮನಿಸಿ, ಹೇಳುವ ಹಕ್ಕು. ನಿಲ್ಲಿಸುವ ಹಕ್ಕಲ್ಲ. ಸೆನ್ಸರಿಗೆ ಎರಡೂ ಇದೆ: ಅದು ಕೂಗಬಹುದು, ಮೋಟಾರನ್ನೂ ನಿಲ್ಲಿಸಬಹುದು. ಮನುಷ್ಯನಿಗೆ ಕೂಗುವುದಕ್ಕೆ ಮಾತ್ರ ಅಪ್ಪಣೆ.

2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ವಿದ್ಯುತ್ ಬಳಸುವ ಕಡೆ ಕಾರ್ಖಾನೆ ಎಂಬ ಹೆಸರು ಸಿಗಲು ಹಿಂದೆ 10 ಜನ ದುಡಿದರೆ ಸಾಕಿತ್ತು, ಈಗ 20 ಜನ ಬೇಕು. ಸಣ್ಣ ಉದ್ಯಮಿಗೆ ಕಾಗದಪತ್ರದ ಹೊರೆ ಇಳಿಯಲಿ ಎಂಬುದು ಇದಕ್ಕೆ ಕೊಡುವ ಕಾರಣ. ಆ ಹೊರೆ ನಿಜ, ನಾವು ಅಲ್ಲಗಳೆಯುವುದಿಲ್ಲ. ಹನ್ನೆರಡು ಜನರ ಗಿರಣಿಯ ಮಾಲೀಕನೂ ಬ್ಯಾಂಕಿನ ಬಡ್ಡಿ, ಕರೆಂಟಿನ ಬಿಲ್ಲುಗಳ ನಡುವೆ ಉಸಿರಾಡುವವನೇ. ಆದರೆ ಹನ್ನೆರಡು ಜನರ ಗಿರಣಿಯ ಬೆಲ್ಟು ಇನ್ನೂರು ಜನರ ಗಿರಣಿಯ ಬೆಲ್ಟಿಗಿಂತ ಮೆದುವಾಗಿ ಕೈ ಹಿಡಿಯುವುದಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ, ನಮಗೆ ಇದೇ ಮುಖ್ಯವಾದುದು. ಈ ಸೆನ್ಸರುಗಳು ಕಾಯುವುದು ಯಾರನ್ನು? ಸಂಡೂರಿನ ಗಣಿಗಳಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಸಾಗಿಸುವ ಮೈಲುಗಟ್ಟಲೆ ಕನ್ವೇಯರಿರಲಿ, ಕುಡುತಿನಿಯ ವಿದ್ಯುತ್ ಸ್ಥಾವರದ ಕಲ್ಲಿದ್ದಲಿನ ಬೆಲ್ಟಿರಲಿ, ಅಲ್ಲಿ ಒಂದು ತಾಸು ಯಂತ್ರ ನಿಂತರೆ ಆಗುವ ನಷ್ಟ ದೊಡ್ಡದು. ಆದ್ದರಿಂದ ದೊಡ್ಡ ಬೆಲ್ಟುಗಳಿಗೆ ಸೆನ್ಸರು ಹಾಕಿಸಲು ದಯೆ ಬೇಕಿಲ್ಲ, ಲೆಕ್ಕ ಬಂದರೆ ಸಾಕು. ಯಂತ್ರ ಉಳಿದರೆ ಅದರ ನೆರಳಿನಲ್ಲಿ ಮನುಷ್ಯನೂ ಉಳಿಯುತ್ತಾನೆ. ಅದು ಒಳ್ಳೆಯದೇ. ಆದರೆ ಯಂತ್ರಕ್ಕೂ ಮನುಷ್ಯನಿಗೂ ಹಿತ ಬೇರೆಯಾದಲ್ಲಿ ಏನಾಗುತ್ತದೆ?

ಸಿರುಗುಪ್ಪದ ಆ ಗಿರಣಿಯ ಅಂಗಳದಲ್ಲೇ ಅದಕ್ಕೆ ಉತ್ತರ ಇತ್ತು. ನಮ್ಮ ಸೀಮೆಯಲ್ಲಿ ಭತ್ತದ ಚೀಲದ ಲೆಕ್ಕ 75 ಕಿಲೋ. ಅದನ್ನು ಬೆನ್ನ ಮೇಲೆ ಹೊತ್ತು ಹಲಗೆ ಏರುವವನು ಹಮಾಲ. ಅರಬ್ಬಿಯಲ್ಲಿ ಹೊರೆ ಎಂಬರ್ಥದ ಮಾತಿನಿಂದ ಹುಟ್ಟಿ, ಮಾರುಕಟ್ಟೆಗಳ ದಾರಿಯಲ್ಲಿ ನಮ್ಮ ಮಾತಿಗೆ ಬಂದು ಸೇರಿದ ಪದ ಅದು. ಹೊರೆಯಿಂದಲೇ ಹೆಸರು ಪಡೆದವನು. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಆ ಬಿಸಿಲಿಗೆ ಕಾದ ತಗಡಿನ ಕೆಳಗೆ ಬೇರಿಂಗಿನ ಮೈ ಎಷ್ಟು ಕಾದಿದೆ ಎಂದು ಕ್ಷಣಕ್ಷಣಕ್ಕೂ ತೋರಿಸುವ ಸಾಧನವಿದೆ. ಹಮಾಲನ ಮೈ ಎಷ್ಟು ಕಾದಿದೆ ಎಂದು ಕೇಳುವವರಿಲ್ಲ. ಬೇರಿಂಗಿಗೆ ಜ್ವರ ಬಂದರೆ ಗಿರಣಿ ನಿಲ್ಲುತ್ತದೆ. ಹಮಾಲನಿಗೆ ಜ್ವರ ಬಂದರೆ ಅವನ ಕೂಲಿ ನಿಲ್ಲುತ್ತದೆ.

ಇದನ್ನು ಅಣಕಕ್ಕಾಗಿ ಹೇಳುತ್ತಿಲ್ಲ. ಅಳೆಯುವುದೆಂದರೆ ಬೆಲೆ ಕೊಡುವುದು. ಯಾವುದು ಕೆಟ್ಟರೆ ಹೊಸದನ್ನು ಕೊಳ್ಳಬೇಕೋ ಅದನ್ನು ಅಳೆಯುತ್ತೇವೆ. ಒಬ್ಬ ಹೋದರೆ ಗೇಟಿನಲ್ಲಿ ಇನ್ನೊಬ್ಬ ನಿಂತಿದ್ದಾನೆ ಎಂದಾದಲ್ಲಿ ಅಳತೆಯ ಅಗತ್ಯವೇ ಕಾಣುವುದಿಲ್ಲ. 2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಮೆಕ್ಕೆಜೋಳದ ರಾಶಿ ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ ಏಳು ಜನ ಅದರಡಿ ಸಿಕ್ಕಿ ಸತ್ತರು. ಅಲ್ಲಿ ಯಾವ ಸಾಧನ ಇತ್ತು, ಯಾವುದು ಇರಲಿಲ್ಲ ಎಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಹೊಟ್ಟೆ ತುಂಬಿಸುವ ಕಾಳು ಉಸಿರು ಮುಚ್ಚಿಸಿದ ಆ ರಾತ್ರಿ, ಮನೆಯಿಂದ ಅಷ್ಟು ದೂರ ಬಂದವರ ಪಾಲಿಗೆ ಅಪಾಯ ಹೇಗೆ ಸುಲಭವಾಗಿ ಹಂಚಿಕೆಯಾಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಸ್ಥಳೀಯರು ಬಿಟ್ಟ ಕೆಲಸ ಪರವೂರಿನವನಿಗೆ, ಕಾಯಂ ನೌಕರ ಒಲ್ಲದ್ದು ಗುತ್ತಿಗೆಯವನಿಗೆ. ಅಪಾಯವೂ ನೀರಿನಂತೆ, ತಗ್ಗಿನ ಕಡೆಗೇ ಹರಿಯುತ್ತದೆ.

ನೀರಿನ ಮಾತು ಬಂದಾಗ ಇನ್ನೊಂದನ್ನೂ ನೆನೆಯಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೂಡಿಟ್ಟ ನೀರು ಹರಿದುಹೋಗುವುದನ್ನು ಟಿವಿಯಲ್ಲಿ ನೋಡುತ್ತ ಈ ಸೀಮೆಯ ರೈತರು ನಿದ್ದೆಗೆಟ್ಟರು. ಒಂದು ವಾರದಲ್ಲಿ, ಹರಿಯುವ ನೀರಿನ ನಡುವೆಯೇ, ತಾತ್ಕಾಲಿಕ ಗೇಟು ಇಳಿಸಿದ ಕೆಲಸಗಾರರನ್ನೂ ಎಂಜಿನಿಯರರನ್ನೂ ನಾಡು ಕೊಂಡಾಡಿತು. ಅದು ಸರಿಯಾಗಿಯೇ ಇತ್ತು. ಆದರೆ ಒಡೆದದ್ದನ್ನು ಕೂಡಿಸಿದವನ ಹೆಸರು ಊರಿಗೆಲ್ಲ ಗೊತ್ತಾಗುವಂತೆ, ಒಡೆಯದಂತೆ ಕಾದವನ ಹೆಸರು ಯಾರಿಗೆ ಗೊತ್ತಾಗುತ್ತದೆ? ಕಾಯುವ ಕೆಲಸಕ್ಕೆ ಹಾರ ತುರಾಯಿಗಳಿಲ್ಲ. ಆಪರೇಟರನ ವೈರಿನ ಬೇರು ನಮ್ಮ ಈ ಮರೆವಿನಲ್ಲೂ ಇದೆ.

ಕನ್ನಡದಲ್ಲಿ ಅಮಾನತು ಎಂಬ ಮಾತಿಗೆ ಎರಡು ಅರ್ಥಗಳಿವೆ. ನಂಬಿ ಒಪ್ಪಿಸಿದ ಇಡುಗಂಟು ಎಂಬುದು ಹಳೆಯದು. ಕೆಲಸದಿಂದ ತಡೆದು ನಿಲ್ಲಿಸುವುದು ಎಂಬುದು ಕಚೇರಿಯದು. ಗೋಡೆಯ ಮೇಲಿನ ಆ ಪೆಟ್ಟಿಗೆ ಮೊದಲನೆಯ ಅರ್ಥದಲ್ಲಿ ಅಮಾನತು: ಕೆಳಗೆ ದುಡಿಯುವವರ ಜೀವವನ್ನು ನಂಬಿ ಅದಕ್ಕೆ ಒಪ್ಪಿಸಲಾಗಿದೆ. ತುಂಡು ವೈರು ಅದನ್ನು ಎರಡನೆಯ ಅರ್ಥಕ್ಕೆ ತಂದು ನಿಲ್ಲಿಸುತ್ತದೆ. ಹೂಳೆತ್ತಲು ಕೆಳಗೆ ಇಳಿದ ಹುಡುಗನಿಗೆ ಈ ಬದಲಾವಣೆಯನ್ನು ಯಾರೂ ತಿಳಿಸಿರುವುದಿಲ್ಲ. ಅವನು ದೀಪ ಕೆಂಪಾಗಿಲ್ಲ ಎಂದು ನೆಚ್ಚಿ ಇಳಿದಿರುತ್ತಾನೆ. ಪೆಟ್ಟಿಗೆಯೇ ಇಲ್ಲದಿದ್ದರೆ ಅವನು ಹುಷಾರಾಗಿಯಾದರೂ ಇರುತ್ತಿದ್ದ. ಆದ್ದರಿಂದ ಎಚ್ಚರಿಕೆಯನ್ನು ಗುಟ್ಟಾಗಿ ಕೊಲ್ಲುವುದು ಅಜಾಗ್ರತೆಯಷ್ಟೇ ಅಲ್ಲ, ನಂಬಿದವನಿಗೆ ಮಾಡಿದ ದ್ರೋಹ. ಆಪರೇಟರನನ್ನು ಎಷ್ಟು ಅರ್ಥಮಾಡಿಕೊಂಡರೂ ಈ ಒಂದು ಮಾತಿನಲ್ಲಿ ರಿಯಾಯಿತಿ ಕೊಡಲು ನಮಗೆ ಸಾಧ್ಯವಾಗಿಲ್ಲ. ಅವನಿಗಿಂತ ಹೆಚ್ಚಾಗಿ, ಆ ವೈರನ್ನು ದಿನವೂ ನೋಡಿ ಕಣ್ಣು ಮುಚ್ಚಿಕೊಂಡ ಯಜಮಾನನಿಗೆ. ಗೊತ್ತಿರಲಿಲ್ಲ ಎನ್ನುವುದಕ್ಕೂ ಗೊತ್ತಾಗದಿರಲಿ ಎಂದು ದೀಪಕ್ಕೆ ಟೇಪು ಅಂಟಿಸುವುದಕ್ಕೂ ವ್ಯತ್ಯಾಸವಿದೆ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕನ್ವೇಯರುಗಳ ಪಕ್ಕದಲ್ಲಿ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಾರೆ. ಅಪಾಯ ಕಂಡ ಯಾರೇ ಆಗಲಿ, ಕಸ ಗುಡಿಸುವವಳೇ ಆಗಲಿ, ಅದನ್ನು ಎಳೆದರೆ ಬೆಲ್ಟು ನಿಲ್ಲುತ್ತದೆ. ಬಹಳ ಸರಳವಾದ ಏರ್ಪಾಡು. ಮೈಲು ಉದ್ದದ ಯಂತ್ರವನ್ನು ನಿಲ್ಲಿಸುವ ಅಧಿಕಾರವನ್ನು ಅದು ಅತ್ಯಂತ ಕೆಳಗಿನವರ ಕೈಗೆ ಕೊಡುತ್ತದೆ. ಆದರೆ ಹಗ್ಗ ಎಳೆದ ಮೇಲೆ "ಯಾಕ ಎಳೆದಿ?" ಎಂಬ ಗದರಿಕೆ ಬಂದರೆ, ಆ ದಿನದ ಕೂಲಿ ಕತ್ತರಿಸಿದರೆ, ಮರುದಿನ ಹಗ್ಗ ಇದ್ದೂ ಇಲ್ಲದಂತೆ. ಹಗ್ಗ ತಂತ್ರಜ್ಞಾನ, ಅದನ್ನು ಎಳೆಯುವ ಧೈರ್ಯ ಸಮಾಜ ಕೊಡಬೇಕಾದ್ದು. ಗಿರಣಿ ನಿಂತ ಅರ್ಧ ತಾಸಿಗೂ ಹಮಾಲರಿಗೆ ಕೂಲಿ ಸಿಗುವುದಾದರೆ, ಸುಳ್ಳು ಗಂಟೆಗಾಗಿ ಆಪರೇಟರ ಬೈಗುಳ ತಿನ್ನದಿದ್ದರೆ, ಆ ಗೇಣು ವೈರಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಅದರ ಖರ್ಚು ಯಾರದು ಎಂದರೆ ಕಿಲೋ ಅಕ್ಕಿಯ ಮೇಲೆ ಕೆಲವು ಪೈಸೆ ನಮ್ಮೆಲ್ಲರದು. ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ಅಂಗೈಯಲ್ಲಿ ಹಿಡಿದು ನೋಡುವ ನಾವು, ಅದನ್ನು ಎತ್ತಿದ ಅಂಗೈಗೆ ಐದು ಬೆರಳಿವೆಯೇ ಎಂದು ಒಮ್ಮೆಯೂ ಕೇಳಿಲ್ಲ. ನಮ್ಮ ದೀಪಕ್ಕೂ ಟೇಪು ಅಂಟಿದೆ.

ಹೊರಡುವಾಗ ಆ ಆಪರೇಟರನಿಗೆ ಹೇಳಿದೆವು: "ಅಣ್ಣಾ, ಅದು ಸುಳ್ಳು ಹೇಳ್ತದ ಅಂದ್ರಿ. ನಿಜ ಹೇಳಿದ ದಿನ ನಿಮಗ ಹೆಂಗ ಗೊತ್ತಾಗ್ತದ?" ಅವನು ಈ ಸಲ ನಗಲಿಲ್ಲ. ತಲೆಯ ಮೇಲೆ ಓಡುತ್ತಿದ್ದ ಬಕೆಟ್ಟುಗಳ ಸದ್ದಿಗೆ ಕಿವಿಗೊಟ್ಟವನಂತೆ ತುಸು ಹೊತ್ತು ನಿಂತ. ಆಮೇಲೆ, "ಸಾಹುಕಾರ್ರಿಗೆ ಹೇಳಿ ಅದನ್ನ ರಿಪೇರಿ ಮಾಡಿಸ್ರಿ ಮೊದ್ಲ. ವೈರು ನಾನೇ ಕೀಳ್ತೀನಿ" ಎಂದ.

ನ್ಯಾಯವಾದ ಮಾತು. ಸಾಹುಕಾರರಿಗೆ ಹೇಳಿದೆವು. ಸುಗ್ಗಿ ಮುಗಿಯಲಿ ನೋಡೋಣ ಎಂದರು.